ಪೋಕರ್ ಟೇಬಲ್ಲಲ್ಲಿ ಬೆಟ್ ಲಿಮಿಟ್ಟು, ಚಿಪ್ಸ್ ಬೆಲೆ ಹಿಂಗೇ ಇರ್ಬೇಕು ಅಂತ ಹೆಂಗೆ ಫಿಕ್ಸ್ ಮಾಡ್ತಾರೆ?

ಕೋಡಿಬಾಗ ಕಡಲು

ಎಲ್ರಿಗೂ ನಮಸ್ಕಾರ. ಗೋವಾ ಕಡೆ ಹೋಗಿ ಬರೋರು, ಅಲ್ಲೇ ಕೆಲಸ ಮಾಡಿದವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೆ ಕೇಳ್ತಿದ್ದೇನೆ. ಮಾಂಡವಿ ನದಿಯಲ್ಲಿರೋ ಒಂದು ಕ್ಯಾಸಿನೊ ಹಡಗಲ್ಲಿ ಪೋಕರ್ ರೂಮ್ ನೋಡ್ದೆ. ಆಡ್ಲಿಲ್ಲ, ಹಿಂದೆ ನಿಂತು ನೋಡಿದ್ದಷ್ಟೇ. ಬ್ಲೈಂಡ್ (ಇಸ್ಪೀಟ್ ಎಲೆ ನೋಡೋ ಮುಂಚೆ ಇಬ್ಬರು ಇಡ್ಲೇಬೇಕಾದ ಸಣ್ಣ, ದೊಡ್ಡ ಬೆಟ್ಟು) 100–200 ಇತ್ತು, ಚಿಪ್ಸು (ದುಡ್ಡಿನ ಬದಲು ಇಡೋ ಬಿಲ್ಲೆ) 100, 500, 1000, 5000. ಅಲ್ಲಾ, 150–300 ಯಾಕಿಲ್ಲ? 200ರ ಚಿಪ್ ಯಾಕಿಲ್ಲ? 2000ದ್ದು? ನಮ್ಮ ಜೇಬಲ್ಲಿ 200ರ ನೋಟು ಓಡಾಡ್ತದೆ, ಅಲ್ಲಿ ಮಾತ್ರ ಇಲ್ಲ.

ಆಮೇಲೆ ಅಮೆರಿಕದ ರೂಮುಗಳಲ್ಲಿ ಯಾವ್ಯಾವ ಲಿಮಿಟ್ ನಡೀತದೆ ಅಂತ ಓದ್ತಾ ಹೋದ್ರೆ ಇನ್ನೂ ತಲೆ ಕೆಟ್ಟೋಯ್ತು. 3–6, 4–8, 8–16, 9–18, 15–30. ಒಂಬತ್ತು–ಹದಿನೆಂಟು ಅಂತ ಯಾರಾದ್ರೂ ಸುಮ್ನೆ ಕೂತು ಇಡ್ತಾರಾ? ಇದರ ಹಿಂದೆ ಏನೋ ಲೆಕ್ಕ ಇರ್ಲೇಬೇಕು. ಗೊತ್ತಿದ್ದವರು ಬಿಡಿಸಿ ಹೇಳಿ.

ಭಟ್ಕಳ ಬಸ್‌ಸ್ಟ್ಯಾಂಡ್

ಚಿಲ್ಲರೆ ಸಮಸ್ಯೆ ಮಾರಾಯಾ, ಮತ್ತೇನಿಲ್ಲ.

ಮಾಜಾಳಿ ಡೀಲರ್

ಚಿಲ್ಲರೆ ಅನ್ನೋದು ಅರ್ಧ ಉತ್ತರ. ನಾನು ಕೆಲವು ವರ್ಷ ಅಲ್ಲಿ ಎಲೆ ಹಂಚಿದವನು (ಎಲ್ಲಿ ಅಂತ ಕೇಳ್ಬೇಡಿ), ಟೇಬಲ್ಲಿನ ಈಚೆ ಬದಿಯಿಂದ ಹೇಳ್ತೇನೆ.

ರೂಮಿನವರ ತಲೇಲಿ ಮೊದಲು ಬರೋದು ರೂಪಾಯಿ ಎಷ್ಟು ಅಂತಲ್ಲ, ಒಂದು ಬೆಟ್ಟಿಗೆ ಎಷ್ಟು ಚಿಪ್ ಬೀಳ್ತದೆ ಅಂತ. ಒಂದೇ ಚಿಪ್ಪಲ್ಲಿ ಬೆಟ್ ಮುಗಿದೋದ್ರೆ ಟೇಬಲ್ ಮಧ್ಯೆ ಏನೂ ಕಾಣೋದಿಲ್ಲ, ಪಾಟು (ಎಲ್ರ ಬೆಟ್ಟೂ ಸೇರೋ ರಾಶಿ) ಬೋಳುಬೋಳು, ಆಡೋರಿಗೆ ಹುರುಪು ಬರೋದಿಲ್ಲ. ಅದೇ ಪ್ರತಿ ಬೆಟ್ಟಿಗೆ ಹತ್ತು ಹನ್ನೆರಡು ಚಿಪ್ ಎಣಿಸ್ಬೇಕು ಅಂತಾದ್ರೆ ಆಟ ಆಮೆ ಥರ ಸಾಗ್ತದೆ. ಡೀಲರ್ ಪ್ರತಿ ಬೆಟ್ಟನ್ನೂ ಕಣ್ಣಲ್ಲೇ ಎಣಿಸ್ಬೇಕು, ಬಾಕಿ ಕೊಡ್ಬೇಕು, ಪಾಟಿಗೆ ಎಳ್ಕೊಬೇಕು, ಇದೆಲ್ಲಾ ಆಗೋವಾಗ ಬೇರೆಯವ್ರು ಸುಮ್ನೆ ಕಾಯ್ತಾ ಕೂತಿರ್ತಾರೆ. ಒಳ್ಳೆ ಡೀಲರ್ ಕೂತ ಟೇಬಲ್ಲಲ್ಲಿ ಹೋಲ್ಡೆಮ್ (ಪೋಕರಿನ ಒಂದು ಬಗೆ) ಗಂಟೆಗೆ ಒಂದು 30 ಕೈ, ಅಂದ್ರೆ 30 ಆಟ ಆಗ್ತದೆ. ಚಿಪ್ ಎಣಿಕೆ ಜಾಸ್ತಿಯಾದ್ರೆ ಅದು 25ಕ್ಕೆ, ಅದಕ್ಕಿಂತ ಕೆಳಗೂ ಇಳೀತದೆ. ರೂಮಿಗೆ ದುಡ್ಡು ಬರೋದೇ ಕೈಗಿಷ್ಟು ಅಂತ, ಹಂಗಾಗಿ ನಿಧಾನ ಆದಷ್ಟೂ ಅವರಿಗೇ ಲಾಸು.

ಬೆಟ್ಟಿಗೆ ಎರಡರಿಂದ ನಾಲ್ಕು ಚಿಪ್ ಬೀಳಂಗಿದ್ರೆ ಹದ. ಬಸ್‌ಸ್ಟ್ಯಾಂಡಣ್ಣ ಹೇಳಿದ ಚಿಲ್ಲರೆ ಇಲ್ಲಿ ಬರ್ತದೆ. ಟಿಕೆಟ್ 10 ರೂಪಾಯಿ ಇದ್ದಾಗ ಕಂಡಕ್ಟರ್ ಬಸ್ ತುಂಬ ಓಡಾಡ್ತಾನೆ, 13 ಮಾಡಿದ್ರೆ ಮೂರನೇ ಸೀಟಲ್ಲೇ ಸಿಕ್ಕಾಕೊಳ್ತಾನೆ, ಹಂಗೇ ಇದು.

ಹೊನ್ನಾವರ ಟು ಸ್ಯಾನ್ ಹೋಸೆ

ಡೀಲರ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಈ ಕಡೆ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಇಲ್ಲಿನ ಕಾರ್ಡ್‌ರೂಮುಗಳಲ್ಲಿ ಲಿಮಿಟ್ ಹೋಲ್ಡೆಮ್ ಆಡೋ ಅಭ್ಯಾಸ ಉಂಟು, ಹಂಗಾಗಿ 9–18 ವಿಷಯ ನಾನು ಹೇಳ್ತೇನೆ.

ಮೊದಲು ಲಿಮಿಟ್ ಅಂದ್ರೆ ಏನು ಅಂತ, ಗೊತ್ತಿಲ್ಲದವ್ರಿಗೆ. 4–8 ಅಂದ್ರೆ ಮೊದಲ ಎರಡು ಸುತ್ತಿಗೆ ಬೆಟ್ಟೂ ರೇಸೂ (ಬೆಟ್ ಏರಿಸೋದು) 4 ಡಾಲರ್ ಲೆಕ್ಕದಲ್ಲೇ, ಕೊನೆ ಎರಡು ಸುತ್ತಿಗೆ 8ರ ಲೆಕ್ಕ. ನಡುವೆ ನಿಮ್ಮಿಷ್ಟಕ್ಕೆ 5 ಇಡ್ತೇನೆ 50 ಇಡ್ತೇನೆ ಅಂದ್ರೆ ಇಲ್ಲ. ಗೋವಾದಲ್ಲಿ ನೀವು ನೋಡಿದ್ದು ನೋ-ಲಿಮಿಟ್ಟು, ಅಲ್ಲಿ 100–200 ಅಂದ್ರೆ ಬರೀ ಬ್ಲೈಂಡು, ಬೆಟ್ಟು ಮುಂದಿರೋ ದುಡ್ಡಿನಷ್ಟು ಎಷ್ಟಾದ್ರೂ ಇಡಬಹುದು. ಎರಡೂ ಬರೆಯೋದು ಒಂದೇ ಥರ ಇರೋದ್ರಿಂದ ಕನ್ಫ್ಯೂಸ್ ಆಗ್ತದೆ. 4–8 ಲಿಮಿಟ್ಟಲ್ಲಿ ಬಿಗ್ ಬ್ಲೈಂಡ್ 4, ಸ್ಮಾಲ್ ಬ್ಲೈಂಡ್ 2.

ಈಗ ಚಿಪ್ಸಿಗೆ ಬನ್ನಿ. 10–20ನ 5 ಡಾಲರ್ ಚಿಪ್ಪಲ್ಲಿ ಆಡಿದ್ರೆ 2 ಚಿಪ್–4 ಚಿಪ್ ಆಟ. 15–30ನ ಅದೇ 5ರಲ್ಲಿ ಆಡಿದ್ರೆ 3 ಚಿಪ್–6 ಚಿಪ್, 20–40 ಆದ್ರೆ 4 ಚಿಪ್–8 ಚಿಪ್. ಹಂಗೇ ಕೆಳಗೆ 8–16ನ 2 ಡಾಲರ್ ಚಿಪ್ಪಲ್ಲಿ ಆಡಿದ್ರೆ ಅದೂ 4–8 ಚಿಪ್ ಆಟ. 9–18 ಯಾಕೆ ಹುಟ್ತು ಅಂದ್ರೆ 3 ಡಾಲರ್ ಚಿಪ್ಪಿಂದ, ಬೆಟ್ಟಿಗೆ ಮೂರು, ಆಮೇಲೆ ಆರು. ಮೂರರ ಚಿಪ್ಪು ಕಿಸೆಯಲ್ಲಿಟ್ಕೊಂಡು ನೋಡಿದ್ರೆ ವಿಚಿತ್ರ, ಟೇಬಲ್ ಮೇಲೆ ಕೂತ್ರೆ ಅದರಷ್ಟು ಸಲೀಸಾದದ್ದು ಇನ್ನೊಂದಿಲ್ಲ, ಇಡೀ ಆಟ ಒಂದೇ ಬಣ್ಣದಲ್ಲಿ ನಡೆದೋಗ್ತದೆ.

10–20ಕ್ಕೂ 20–40ಕ್ಕೂ ಎರಡಕ್ಕೂ ಕೆಂಪು, ಅಂದ್ರೆ 5ರ ಚಿಪ್ಪೇ. ಆದ್ರೆ 20–40 ಪಾಟು ನೋಡೋಕೇ ಗುಡ್ಡೆ ಗುಡ್ಡೆ, 10–20 ಪಾಟು ಬಡಕಲು. ಬೆಟ್ಟಿಗೆ ಚಿಪ್ ಜಾಸ್ತಿ ಇದ್ದಲ್ಲಿ ಜನ ಕಾಲ್ ಮಾಡೋದೂ (ಎದುರಿನವನ ಬೆಟ್ಟಿನಷ್ಟೇ ಹಾಕಿ ಆಟದಲ್ಲಿ ಉಳಿಯೋದು) ಜಾಸ್ತಿ, ಇದು ಇಲ್ಲಿನ ಫ್ಲೋರ್‌ನವರೆಲ್ಲ (ಟೇಬಲ್ ನೋಡ್ಕೊಳ್ಳೋ ಮೇಲ್ವಿಚಾರಕರು) ನಂಬೋ ಮಾತು, ನಾನೂ ಕಣ್ಣಾರೆ ನೋಡಿದ್ದು.

ಕುಮಟಾ ಲೆಕ್ಕದ ಮಾಸ್ತರ್

ಹೊನ್ನಾವರದವ್ರೆ, ನೀವು ಅಸಲಿ ವಿಷಯಾನೇ ಬಿಟ್ರಿ. ಚಿಪ್ ಬೆಲೆಯಿಂದ ಸ್ಮಾಲ್ ಬ್ಲೈಂಡ್ ಬದಲಾಗ್ತದೆ, ಸ್ಮಾಲ್ ಬ್ಲೈಂಡಿಂದ ಆಟದ ಗುಣವೇ ಬದಲಾಗ್ತದೆ. ಲೆಕ್ಕ ನೋಡಿ.

15–30 ಆಟಕ್ಕೆ ಬಿಗ್ ಬ್ಲೈಂಡ್ 15. ಅರ್ಧ ಅಂದ್ರೆ ಏಳೂವರೆ. 5ರ ಚಿಪ್ಪಲ್ಲಿ ಏಳೂವರೆ ಬರೋದಿಲ್ಲ. ಹಂಗಾಗಿ ರೂಮಿನವರು ಸ್ಮಾಲ್ ಬ್ಲೈಂಡ್ 10 ಮಾಡ್ತಾರೆ. ಅದೇ 3–6 ಆಟಕ್ಕೆ ಒಂದೂವರೆ ಬರೋದಿಲ್ಲ, ಅದನ್ನ 1 ಮಾಡ್ತಾರೆ. ಈಗ ಸ್ಮಾಲ್ ಬ್ಲೈಂಡಲ್ಲಿ ಕೂತವನ ಜಾಗದಿಂದ ನೋಡಿ, ಮುಂದಿಂದ ಒಬ್ಬ ಸುಮ್ನೆ ಕಾಲ್ ಮಾಡಿದ್ದಾನೆ ಅಂತಿಟ್ಕೊಳ್ಳಿ.

10–20 ಆಟ: ಪಾಟಲ್ಲಿ 10 + 10 + 5 = 25. ಇವನು ಸೇರಿಸ್ಬೇಕಾದ್ದು 5. ಅಂದ್ರೆ ಹಾಕೋ ಒಂದಕ್ಕೆ ಗೆಲ್ಲೋಕೆ ಐದು.

3–6 ಆಟ: ಪಾಟಲ್ಲಿ 3 + 3 + 1 = 7. ಸೇರಿಸ್ಬೇಕಾದ್ದು 2. ಒಂದಕ್ಕೆ ಮೂರೂವರೆ.

15–30 ಆಟ: ಪಾಟಲ್ಲಿ 15 + 15 + 10 = 40. ಸೇರಿಸ್ಬೇಕಾದ್ದು 5. ಒಂದಕ್ಕೆ ಎಂಟು.

ಒಂದಕ್ಕೆ ಎಂಟು ಸಿಗ್ತದೆ ಅಂದ್ರೆ ಹೆಚ್ಚುಕಡಿಮೆ ಯಾವ ಎಲೆ ಇದ್ರೂ ಒಳಗೆ ಬರ್ತಾನೆ. ಅದಕ್ಕೇ 15–30 ಟೇಬಲ್ಲು 10–20ಗಿಂತ ಗಲಾಟೆ. ದೊಡ್ಡ ಮೊತ್ತದ ಆಟ ಅಂತ ಗಲಾಟೆ ಅಲ್ಲ, ಏಳೂವರೆ ಡಾಲರ್ ಚಿಪ್ಪು ಇಲ್ಲ ಅಂತ ಗಲಾಟೆ! ನಂಗೆ ಈ ವಿಷಯ ಎಷ್ಟು ಸಲ ಹೇಳಿದ್ರೂ ಸಾಕಾಗೋದಿಲ್ಲ, ಒಂದು ಅಚ್ಚು ಹಾಕದೇ ಇದ್ದ ಚಿಪ್ಪಿಂದ ಮನುಷ್ಯರ ತೀರ್ಮಾನ ಬದಲಾಗ್ತದೆ.

ಕೋಡಿಬಾಗ ಕಡಲು

ಮಾಸ್ತರ್ರೆ ಅದ್ಭುತ. ಇದನ್ನ ಯಾರೂ ಹಿಂಗೆ ಬಿಡಿಸಿ ಹೇಳಿರ್ಲಿಲ್ಲ. ಅಂದ್ರೆ ನಾನು ಕೇಳಿದ 150–300 ಬ್ಲೈಂಡು ಮಾಡ್ಬೇಕು ಅಂದ್ರೆ 50ರ ಚಿಪ್ ಬೇಕಾಗ್ತದೆ, ಅದಕ್ಕೇ ಇಲ್ಲ, ಸರಿನಾ?

ಮಾಜಾಳಿ ಡೀಲರ್

ಹೌದು. ಒಂದು ಬ್ಲೈಂಡಿಗೋಸ್ಕರ ಇಡೀ ರೂಮಿಗೆ ಹೊಸ ಬಣ್ಣ ತರ್ಸೋರು ಯಾರು? ಟ್ರೇಯಲ್ಲಿ ಜಾಗ ಬೇಕು, ಕ್ಯಾಶ್ ಕೌಂಟರಲ್ಲಿ ಲೆಕ್ಕ ಬೇಕು, ರಾತ್ರಿ ಶಿಫ್ಟ್ ಮುಗಿದ ಮೇಲೆ ಎಣಿಸ್ಬೇಕು.

ಯಲ್ಲಾಪುರ ಕಾಡು

ಬ್ಲ್ಯಾಕ್‌ಜಾಕಲ್ಲಿ ಎರಡೂವರೆ ಡಾಲರ್ ಚಿಪ್ಪೇ ಇದೆ ಅಲ್ವಾ, ಗುಲಾಬಿ ಬಣ್ಣದ್ದು? ಮತ್ತೆ ಅರ್ಧಕ್ಕೆ ಚಿಪ್ ಮಾಡೋದಿಲ್ಲ ಅಂತ ಹೆಂಗೆ ಹೇಳ್ತೀರಿ.

ಹೊನ್ನಾವರ ಟು ಸ್ಯಾನ್ ಹೋಸೆ

ಅದು ಬ್ಲ್ಯಾಕ್‌ಜಾಕ್ ಮಾರಾಯಾ, ಪೋಕರ್ ಅಲ್ಲ. ಅಲ್ಲಿ ಮಾಮೂಲಿ ನಿಯಮದಲ್ಲಿ ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಗೆ 21) ಬಿದ್ರೆ ಎರಡಕ್ಕೆ ಮೂರರಂತೆ ಕೊಡ್ಬೇಕು. 5 ಡಾಲರ್ ಬೆಟ್ಟಿಗೆ ಏಳೂವರೆ ಆಗ್ತದೆ, ಅದಕ್ಕೆ ಎರಡೂವರೆ ಇದ್ರೆ ಸಲೀಸು. ಪೋಕರಲ್ಲಿ ಬ್ಲೈಂಡ್ ಎಷ್ಟು ಅಂತ ರೂಮಿನವರೇ ಇಡೋದು, ಹಂಗಾಗಿ ಚಿಪ್ ಬದಲಾಯ್ಸೋ ಬದಲು ಬ್ಲೈಂಡನ್ನೇ ಬದಲಾಯ್ಸ್ತಾರೆ.

ಘಟ್ಟದ ಮೇಲಿನವ

ಶಿರಸಿಯಿಂದ ಬರೀತಾ ಇದ್ದೇನೆ. ಎಲ್ಲ ಓದಿದೆ, ಲೆಕ್ಕ ಚಂದ ಇದ್ದು, ಆದ್ರೆ ನಂಗೆ ಒಂದು ಮಾತು ಹೇಳ್ಲೇಬೇಕು. ಅಡಿಕೆ ರೇಟು ಏರಿದ ವರ್ಷ ನಮ್ಮ ಕಡೆ ಎಷ್ಟು ಹುಡುಗರು ಗೋವಾ ಹಾದಿ ಹಿಡಿದ್ರು ಗೊತ್ತಿದ್ದಾ? ಚಾಲಿ ಮಾರಿದ ದುಡ್ಡು ಮನೆ ಮುಟ್ಟಲಿಲ್ಲ. ಇಲ್ಲಿ ನೀವೆಲ್ಲ ಚಿಪ್ಪಿನ ಬಣ್ಣ, ಚಿಪ್ಪಿನ ಬೆಲೆ ಅಂತ ಚರ್ಚೆ ಮಾಡ್ತಿದ್ರಿ, ಆ ಲಿಮಿಟ್ಟು ಇಟ್ಟಿದ್ದೇ ಜನ ನಿಧಾನಕ್ಕೆ ಸೋಲಲಿ ಅಂತ, ಇದನ್ನ ಯಾರೂ ಹೇಳ್ತಾ ಇಲ್ಲ.

ಭಟ್ಕಳ ಬಸ್‌ಸ್ಟ್ಯಾಂಡ್

ಘಟ್ಟದ ಭಟ್ರು ಹೇಳಿದ್ದು ನಿಜ.

ಮಾಜಾಳಿ ಡೀಲರ್

ಘಟ್ಟದ ಭಾವ, ನಿಮ್ಮ ಮಾತು ತೆಗೆದುಹಾಕೋ ಹಂಗಿಲ್ಲ. ಅದನ್ನ ಟೇಬಲ್ಲಿನ ಈಚೆಯಿಂದ ನಾನೂ ನೋಡಿದ್ದೇನೆ, ಬೆಳಗಿನ ಜಾವ ಕೊನೆ ಚಿಪ್ಪು ತಳ್ಳೋರ ಮುಖ ಮರೆಯೋಕಾಗೋದಿಲ್ಲ. ಆದ್ರೆ ಒಂದು ವ್ಯತ್ಯಾಸ ಹೇಳ್ತೇನೆ, ರೂಲೆಟ್ಟಲ್ಲೋ ಅಂದರ್ ಬಾಹರಲ್ಲೋ ನೀವು ಸೋತದ್ದು ನೇರ ಮನೆಗೆ, ಅಂದ್ರೆ ಕ್ಯಾಸಿನೊಗೆ. ಪೋಕರಲ್ಲಿ ಎದುರಿಗೆ ಕೂತವ ಗೆಲ್ತಾನೆ, ಕ್ಯಾಸಿನೊ ಪ್ರತಿ ಪಾಟಿಂದ ರೇಕ್ ಅಂತ ಒಂದು ಪಾಲು ತೆಗೀತದೆ. ಹಂಗಾಗಿ ಅವರಿಗೆ ನೀವು ಬೇಗ ಸೋತು ಎದ್ದು ಹೋಗೋದು ಬೇಕಾಗಿಲ್ಲ, ಸೀಟು ಖಾಲಿ ಆದ್ರೆ ಟೇಬಲ್ ಮುರೀತದೆ. ತುಂಬ ಹೊತ್ತು ಕೂರ್ಬೇಕು. ಲಿಮಿಟ್ ಇಡೋವಾಗ ಇದೇ ದೊಡ್ಡ ಲೆಕ್ಕ.

ಕುಮಟಾ ಲೆಕ್ಕದ ಮಾಸ್ತರ್

ಇದನ್ನೂ ಅಂಕೆಲಿ ನೋಡೋಣ, ಆಗ ಘಟ್ಟದ ಮೇಲಿನವರ ಮಾತು ಎಷ್ಟು ಸರಿ ಅಂತ ಗೊತ್ತಾಗ್ತದೆ.

ಸಣ್ಣ ಲಿಮಿಟ್ ಟೇಬಲ್ ಇದೆ, 9 ಜನ, ತಲಾ 100 ಡಾಲರ್ ತಂದಿದ್ದಾರೆ ಅಂತಿಟ್ಕೊಳ್ಳಿ. ಟೇಬಲ್ ಮೇಲಿರೋದು 900. ಕೈಗೆ 4 ಡಾಲರ್ ರೇಕ್, ಗಂಟೆಗೆ 30 ಕೈ, ಅಂದ್ರೆ ಗಂಟೆಗೆ 120 ಡಾಲರ್ ಟೇಬಲ್ಲಿಂದ ಡಬ್ಬಿಗೆ ಬೀಳ್ತದೆ. ಯಾರೂ ಹೊಸ ದುಡ್ಡು ತರದೇ ಇದ್ರೆ ಏಳೂವರೆ ಗಂಟೆಲಿ 900ಕ್ಕೆ 900 ಡಬ್ಬಿ ಒಳಗೆ. ಟೇಬಲ್ಲಲ್ಲಿ ಗೆದ್ದೋರು ಅಂತ ಯಾರೂ ಉಳಿಯೋದಿಲ್ಲ.

ಅದೇ ತಲಾ 1000 ತಂದು ಆಡೋ ಟೇಬಲ್ ಆದ್ರೆ 9000. ರೇಕಿಗೆ ಗರಿಷ್ಠ ಮಿತಿ ಇರ್ತದಲ್ಲ, ಅದೇ 4 ಡಾಲರ್ ಅಂತಿಟ್ರೆ ಅದು ಖಾಲಿಯಾಗೋಕೆ 75 ಗಂಟೆ. ಸಣ್ಣ ಲಿಮಿಟ್ ಅಂದ್ರೆ ಕಡಿಮೆ ಅಪಾಯ ಅಂತ ಜನ ನಂಬಿ ಕೂರ್ತಾರೆ, ಶೇಕಡಾವಾರು ನೋಡಿದ್ರೆ ಅಲ್ಲೇ ಬೇಗ ಒಣಗೋದು.

ಹೊನ್ನಾವರ ಟು ಸ್ಯಾನ್ ಹೋಸೆ

ಮಾಸ್ತರ್ ಲೆಕ್ಕಕ್ಕೆ ಒಂದು ಸೇರ್ಪಡೆ. ನೆವಾಡಾದಲ್ಲಿ ರೇಕು ಪಾಟಿನ 10% ದಾಟಂಗಿಲ್ಲ ಅಂತ ನಿಯಮ ಉಂಟು, ಅದರ ಮೇಲೆ ರೂಮುಗಳು 4 ಅಥವಾ 5 ಡಾಲರ್ ಅಂತ ಮಿತಿ ಹಾಕ್ಕೊಳ್ತಾವೆ. ಈಗ 2–4 ಆಟದ ಪಾಟು 20 ಡಾಲರಿಗೆ ನಿಂತ್ರೆ ರೂಮಿಗೆ ಸಿಗೋದು ಬರೀ 2. ಡೀಲರ್ ಸಂಬಳ ಅದೇ, ಲೈಟು ಅದೇ, ಜಾಗ ಅದೇ. ಹಂಗಾಗಿ ಪಾಟು ಮಿತಿ ಮುಟ್ಟೋವಷ್ಟಾದ್ರೂ ದೊಡ್ಡದಾಗೋ ಲಿಮಿಟ್ಟನ್ನೇ ಕೆಳಗಿನ ಮೆಟ್ಟಿಲು ಮಾಡ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಕಥೆ ಬೇರೆ. ಪಾಟಿಂದ ಶೇಕಡಾ ತೆಗೆಯೋ ಆಟ ಇಲ್ಲಿ ಕಾನೂನಲ್ಲೇ ನಿಷೇಧ. ಪಾಟು ಸಣ್ಣದಿರ್ಲಿ ದೊಡ್ಡದಿರ್ಲಿ, ಕೈಗೆ ಇಷ್ಟು ಅಂತ ಮೊದಲೇ ಬೋರ್ಡಲ್ಲಿ ಹಾಕಿದ ಫೀಸು. ದೊಡ್ಡ ಲಿಮಿಟ್ ಟೇಬಲ್ಲಲ್ಲಾದ್ರೆ ಅರ್ಧ ಗಂಟೆಗೊಮ್ಮೆ ಸೀಟಿಗಿಷ್ಟು ಅಂತ ತಗೊಳ್ತಾರೆ. ಫಿಕ್ಸ್ ಫೀಸು ಇರೋದ್ರಿಂದ ಇಲ್ಲಿನ ಸಣ್ಣ ಟೇಬಲ್ಲುಗಳಿಗೆ ಗುಡ್ಡೆ ಪಾಟು ಬೇಕೇ ಬೇಕು, ಇಲ್ದಿದ್ರೆ ಗೆದ್ದವನಿಗೆ ಗೆದ್ದ ಹಂಗೇ ಅನ್ಸೋದಿಲ್ಲ. 2 ಡಾಲರ್, 3 ಡಾಲರ್ ಚಿಪ್ಪು ಈ ಕಡೆ ಬೇರೂರಿದ್ದು ಯಾಕೆ ಅಂತ ನಂಗೆ ಈಗ ಈ ಚರ್ಚೆ ಓದ್ತಾ ಇನ್ನೂ ಸ್ಪಷ್ಟ ಆಗ್ತಾ ಇದೆ.

ಘಟ್ಟದ ಮೇಲಿನವ

ಮಾಸ್ತರ್ ಲೆಕ್ಕ ಪ್ರಿಂಟ್ ಹಾಕಿ ನಮ್ಮೂರ ಸೊಸೈಟಿ ಗೋಡೆಗೆ ಹಚ್ಚಬೇಕು. ಏಳೂವರೆ ಗಂಟೆ!! ಇದನ್ನ ಹುಡುಗರಿಗೆ ಯಾರು ಹೇಳ್ತಾರೆ.

ಸದಾಶಿವಗಡ ಸೇತುವೆ

ಯಾರಾದ್ರೂ ಹೇಳಿ, ಗೋವಾದವ್ರಿಗೇ ಒಳಗೆ ಬಿಡೋದಿಲ್ಲ ನಮ್ಮನ್ನ ಮಾತ್ರ ಬಿಡ್ತಾರೆ ಅನ್ನೋದು ಹೌದಾ? ನನ್ನ ಕಸಿನ್ ಮಡಗಾಂವಲ್ಲಿದ್ದಾನೆ, ಹೋಗೋಕಾಗೋದಿಲ್ಲ ಅಂತಾನೆ.

ಅಂಕೋಲಾ ಅಕ್ಕ

ಹೌದು. 2020ರ ಫೆಬ್ರವರಿ 1ರಿಂದ ಗೋವಾದ ನಿವಾಸಿಗಳಿಗೆ ಕ್ಯಾಸಿನೊ ಒಳಗೆ ಆಡೋಕೆ ಪ್ರವೇಶ ಇಲ್ಲ. ಹೊರಗಿನವರಾದ್ರೂ 21 ವರ್ಷ ತುಂಬಿರ್ಬೇಕು. ಅಲ್ಲಿನ ಜೂಜು ಕಾಯ್ದೆ 1976ದ್ದು, ಅದಕ್ಕೆ ತಿದ್ದುಪಡಿ ತಂದು ಫೈವ್‌ಸ್ಟಾರ್ ಹೋಟೆಲಲ್ಲಿ ಮಷಿನ್ ಆಟ, ನೀರ ಮೇಲೆ ಹಡಗಲ್ಲಿ ಟೇಬಲ್ ಆಟ ಅಂತ ಬಿಟ್ಟಿದ್ದು. ಮನುಷ್ಯ ಡೀಲರ್ ಕೂತು ಎಲೆ ಹಂಚೋ ಟೇಬಲ್ಲು ಹಡಗಲ್ಲೇ ಇರೋದು ಅದಕ್ಕೇ. ಹಡಗಲ್ಲಿ ಜಾಗ ಇಷ್ಟೇ ಇಷ್ಟು, ಒಂದು ಟೇಬಲ್ ಜಾಸ್ತಿ ಹಾಕ್ಬೇಕು ಅಂದ್ರೆ ಗೋಡೆ ಒಡೆದು ಮಾಡೋಕಾಗ್ತದಾ? ಪೋಕರ್ ಟೇಬಲ್ ಒಂದು ಹಿಡಿಯೋ ಜಾಗದಲ್ಲಿ ಬೇರೆ ಆಟ ಎಷ್ಟು ದುಡೀತದೆ ಅಂತ ನೋಡಿಯೇ ಲಿಮಿಟ್ ಇಡ್ತಾರೆ. ತೀರಾ ಸಣ್ಣ ಬ್ಲೈಂಡಿನ ಟೇಬಲ್ಲು ಹಡಗಿನ ಬಾಡಿಗೆಗೇ ಸಾಲೋದಿಲ್ಲ.

ಮತ್ತೆ ನೀವ್ಯಾರೂ ತೆರಿಗೆ ಮಾತು ತೆಗೀಲಿಲ್ಲ. ನಾನು ಟ್ಯಾಕ್ಸ್ ಕೆಲಸ ಮಾಡೋಳು, ಹೇಳ್ದೇ ಇರೋಕಾಗೋದಿಲ್ಲ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಚಿಪ್ಸ್ ಕೊಳ್ಳೋ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು 40%. ಗೆದ್ದ ಚಿಪ್ಸಲ್ಲಿ ಮತ್ತೆ ಆಡಿದ್ರೆ ಮತ್ತೆ ತೆರಿಗೆ ಇಲ್ಲ, ಕೊಳ್ಳೋವಾಗ ಮಾತ್ರ. ಈಗ 100–200 ಟೇಬಲ್ಲಿಗೆ 10,000ದ ಚಿಪ್ಸ್ ತಗೊಂಡ್ರೆ ಅದು 50 ಬಿಗ್ ಬ್ಲೈಂಡು. ಅದರ ಮೇಲೆ ತೆರಿಗೆ 4,000, ಅಂದ್ರೆ 20 ಬಿಗ್ ಬ್ಲೈಂಡು. ಎಲೆ ಮುಟ್ಟೋಕೆ ಮುಂಚೆ!

ಯಲ್ಲಾಪುರ ಕಾಡು

ಹಂಗಾದ್ರೆ ತೆರಿಗೆಯಿಂದಾನೇ ಲಿಮಿಟ್ ದೊಡ್ಡದಾಗಿದ್ದು. ಸಣ್ಣ ಆಟ ಆಡೋರು ಬರೋದೇ ನಿಂತಿತು, ದೊಡ್ಡವ್ರಿಗೆ ಟೇಬಲ್ ಹಾಕ್ತಾರೆ.

ಅಂಕೋಲಾ ಅಕ್ಕ

ಹಂಗೆ ನೇರ ಹೇಳೋಕಾಗೋದಿಲ್ಲ ತಮ್ಮಾ. ರೇಕಿಗೆ ಗರಿಷ್ಠ ಮಿತಿ ಇದೆ, ಅದು ಸಣ್ಣವರಿಗೆ ಭಾರ ದೊಡ್ಡವರಿಗೆ ಹಗುರ, ಮಾಸ್ತರ್ ತೋರಿಸಿದ್ರಲ್ಲ. ತೆರಿಗೆಗೆ ಮಿತಿ ಇಲ್ಲ, 10,000ಕ್ಕೂ 40%, 10 ಲಕ್ಷಕ್ಕೂ 40%. ಹಂಗಾಗಿ ತೆರಿಗೆ ಒಂದರಿಂದಾನೇ ಲಿಮಿಟ್ ಮೇಲೆ ಹೋಗ್ಬೇಕು ಅಂತೇನಿಲ್ಲ. ಅದರ ಪರಿಣಾಮ ಬೇರೆ ಕಡೆ. ಒಮ್ಮೆ ಕಟ್ಟಿದ ಮೇಲೆ ಎಷ್ಟು ಹೊತ್ತು ಆಡ್ತೀರೋ ಅಷ್ಟು ಹೊತ್ತಿಗೆ ಅದು ಹಂಚಿಹೋಗ್ತದೆ. ಎದ್ದು ಚಿಪ್ಸ್ ದುಡ್ಡು ಮಾಡ್ಕೊಂಡು ನಾಳೆ ಮತ್ತೆ ಕೊಂಡ್ರೆ ಮತ್ತೆ 40%. ಸೀಟಿಂದ ಏಳೋಕೇ ಮನಸ್ಸು ಬರೋದಿಲ್ಲ. ಚಟ ಇರೋರಿಗೆ ಇದು ತುಂಬ ಕೆಟ್ಟದ್ದು, ಇಷ್ಟೇ ಸಾಕು ಅಂತ ಏಳೋ ಗಟ್ಟಿತನ ಇದ್ದವನಿಗೂ ಲೆಕ್ಕ ಕೂರು ಅಂತದೆ.

ಮಾಜಾಳಿ ಡೀಲರ್

ಅಕ್ಕ ಹೇಳಿದ್ದಕ್ಕೆ ಜೋಡಿಸ್ತೇನೆ, ಪ್ಯಾಕೇಜಲ್ಲಿ ಕೊಡೋ ಒನ್ ಟೈಮ್ ಪ್ಲೇ ಚಿಪ್ಸ್ ಅಂತ ಇರ್ತದೆ ನೋಡಿ, ಎಂಟ್ರಿ ಟಿಕೆಟ್ ಜೊತೆ ಬರೋದು. ಅದನ್ನ ದುಡ್ಡು ಮಾಡೋಕಾಗೋದಿಲ್ಲ, ಒಂದು ಸಲ ಇಟ್ರೆ ಮುಗೀತು, ಗೆದ್ದದ್ದು ಮಾತ್ರ ಅಸಲಿ ಚಿಪ್ಪಲ್ಲಿ ಸಿಗ್ತದೆ. ಅದು ಮನೆಯ ವಿರುದ್ಧ ಆಡೋ ಟೇಬಲ್ಲಿಗೆ, ಪೋಕರಿಗಲ್ಲ. ಮೊದಲ ಸಲ ಹೋಗೋ ನಮ್ಮ ಹುಡುಗರು ಇದು ದುಡ್ಡು ಅಂತ ತಿಳ್ಕೊಂಡು ಕೌಂಟರಲ್ಲಿ ಜಗಳಕ್ಕೆ ನಿಲ್ತಾರೆ.

ಸದಾಶಿವಗಡ ಸೇತುವೆ

ಡೀಲರ್ ಅಣ್ಣ, ಕೆಲಸ ಹೆಂಗೆ ಸಿಗ್ತದೆ? ತಮ್ಮ ಡಿಗ್ರಿ ಮುಗಿಸಿ ಮನೇಲಿದ್ದಾನೆ. ಕಾರವಾರದಿಂದ ದಿನಾ ಹೋಗಿ ಬರೋಕಾಗ್ತದಾ?

ಮಾಜಾಳಿ ಡೀಲರ್

ದಿನಾ ಹೋಗಿ ಬರೋದು ಕಷ್ಟ, ಪಣಜಿ ಹೆಚ್ಚುಕಡಿಮೆ 100 ಕಿಲೋಮೀಟರ್, ಶಿಫ್ಟ್ ರಾತ್ರಿಯದ್ದು. ಅಲ್ಲೇ ರೂಮ್ ಮಾಡ್ಬೇಕು. ತರಬೇತಿ ಅವರೇ ಕೊಡ್ತಾರೆ, ಮೊದಲು ಕಲಿಸೋದೇ ಚಿಪ್ ಕಟ್ ಮಾಡೋದು: 20ರ ಸ್ಟ್ಯಾಕ್ ಎತ್ತಿ ಐದೈದಾಗಿ ಇಳಿಸೋದು, ಬೆರಳಿಗೆ ಕಣ್ಣು ಬರೋ ತನಕ. ವೈಯಕ್ತಿಕ ಮೆಸೇಜ್ ಮಾಡಿ, ಹೇಳ್ತೇನೆ.

ಕೋಡಿಬಾಗ ಕಡಲು

20ರ ಸ್ಟ್ಯಾಕ್ ಅಂದ್ರಲ್ಲ, ಅದಕ್ಕೂ ಬೆಲೆಗೂ ಸಂಬಂಧ ಉಂಟಾ? 5, 25, 100, 500 ಅಂತ ಅಮೆರಿಕದ್ದು. ನಮ್ಮಲ್ಲಿ 100, 500, 1000, 5000. ಅವರದ್ದು ಯಾಕೆ 20 ಅಲ್ಲ 25?

ಕುಮಟಾ ಲೆಕ್ಕದ ಮಾಸ್ತರ್

ಒಳ್ಳೆ ಪ್ರಶ್ನೆ. ಕೆಂಪು 5ರ 20 ಚಿಪ್ ಜೋಡಿಸಿದ್ರೆ 100, ಅಂದ್ರೆ ಸರಿಯಾಗಿ ಒಂದು ಕಪ್ಪು ಚಿಪ್. ಹಸಿರು 25ರ 20 ಚಿಪ್ ಜೋಡಿಸಿದ್ರೆ 500, ಅಂದ್ರೆ ಸರಿಯಾಗಿ ಒಂದು ನೇರಳೆ. ಒಂದು ಸ್ಟ್ಯಾಕ್ ಕೊಟ್ಟು ಎರಡು ಮೆಟ್ಟಿಲು ಮೇಲಿನ ಒಂದೇ ಒಂದು ಚಿಪ್ ತಗೋಬಹುದು, ಬಾಕಿ ಉಳಿಯೋದಿಲ್ಲ. 5ರಿಂದ 25ಕ್ಕೆ ಐದು ಪಟ್ಟು, 25ರಿಂದ 100ಕ್ಕೆ ನಾಲ್ಕು ಪಟ್ಟು, 100ರಿಂದ 500ಕ್ಕೆ ಐದು ಪಟ್ಟು. ನಾಲ್ಕು–ಐದು ಪಟ್ಟಿನ ಅಂತರ ಇದ್ರೆ ಬಣ್ಣ ಕಡಿಮೆ ಸಾಕಾಗ್ತದೆ, ಬದಲಾಯ್ಸೋದೂ ಸುಲಭ. ನ್ಯೂಜೆರ್ಸಿಯಲ್ಲಂತೂ ಯಾವ ಬೆಲೆಗೆ ಯಾವ ಬಣ್ಣ ಅಂತ ನಿಯಮದಲ್ಲೇ ಬರೆದಿಟ್ಟಿದ್ದಾರೆ.

ನಮ್ಮಲ್ಲಿ 500ರಿಂದ 1000ಕ್ಕೆ ಬರೀ ಎರಡು ಪಟ್ಟು. ಅಲ್ಲಿ ಒಂದು ಮೆಟ್ಟಿಲು ದಂಡ ಅಂತ ನನ್ನ ಅಭಿಪ್ರಾಯ.

ಮಾಜಾಳಿ ಡೀಲರ್

ದಂಡ ಅಲ್ಲ ಮಾಸ್ತರ್ರೆ. ಜನ ಮಾತಾಡೋದೇ ಸಾವಿರದ ಲೆಕ್ಕದಲ್ಲಿ. "ಮೂರು ಸಾವಿರ" ಅಂತ ಬಾಯಲ್ಲಿ ಹೇಳಿ ಮೂರು ಚಿಪ್ ಇಡ್ತಾರೆ. 1000 ಇಲ್ದಿದ್ರೆ 500ರದ್ದು ಆರು ಎಣಿಸ್ಬೇಕು. ಕಾಗದದ ಮೇಲೆ ಪಟ್ಟು ಸರಿ ಇರ್ಬಹುದು, ಟೇಬಲ್ಲಲ್ಲಿ ಬಾಯಿಗೆ ಬರೋ ಸಂಖ್ಯೆಗೆ ಚಿಪ್ ಇರ್ಬೇಕು.

ಕುಮಟಾ ಲೆಕ್ಕದ ಮಾಸ್ತರ್

ಅದೇ ವಾದದಲ್ಲಿ 200ರ ಚಿಪ್ಪೂ ಬೇಕಾಯ್ತು. ಬಿಗ್ ಬ್ಲೈಂಡೇ 200 ಅಲ್ವಾ.

ಮಾಜಾಳಿ ಡೀಲರ್

ಬೇಡ. 200ರದ್ದು ಬಂದ್ರೆ 500ನ ಅದರಲ್ಲಿ ಒಡೆಯೋಕೆ ಆಗೋದಿಲ್ಲ, ಎರಡು 200 ಒಂದು 100 ಬೇಕು. ಬ್ಲೈಂಡಿಗೆ 100ರ ಎರಡು ಇಟ್ರೆ ಮುಗೀತು, ಸ್ಮಾಲ್ ಬ್ಲೈಂಡಿಗೂ ಅದೇ ಒಂದು. 500 ಕೊಟ್ರೆ ಐದು 100, ಕಣ್ಣು ಮುಚ್ಚಿ ಕೊಡಬಹುದು. ಮತ್ತೆ ಐದಕ್ಕಿಂತ ಜಾಸ್ತಿ ಬಣ್ಣ ಟೇಬಲ್ ಮೇಲೆ ಬಿದ್ರೆ ಮೇಲಿನ ಕ್ಯಾಮೆರಾಗೂ ಕಷ್ಟ. ಚಿಪ್ಪಿನ ಅಂಚಲ್ಲಿ ಪಟ್ಟಿ ಪಟ್ಟಿ ಇರ್ತದಲ್ಲ, ಅದು ಚಂದಕ್ಕಲ್ಲ, ಸ್ಟ್ಯಾಕಲ್ಲಿ ಬೇರೆ ಬೆಲೆ ಸೇರಿದ್ರೆ ಬದಿಯಿಂದಲೇ ಕಾಣ್ಲಿ ಅಂತ. ದೊಡ್ಡ ಬೆಲೆ ಚಿಪ್ ಮುಂದೆ, ಮೇಲೆ ಕಾಣೋ ಹಂಗೆ ಇಡಿ ಅಂತ ಆಡೋರಿಗೆ ಪದೇ ಪದೇ ಹೇಳೋದೂ ಅದಕ್ಕೇ, ಎದುರಿನವನು ಎಷ್ಟಿಟ್ಕೊಂಡಿದ್ದಾನೆ ಅಂತ ಗೊತ್ತಿಲ್ದೇ ನೋ-ಲಿಮಿಟ್ಟಲ್ಲಿ ಬೆಟ್ ಇಡೋಕಾಗ್ತದಾ?

ಹೊನ್ನಾವರ ಟು ಸ್ಯಾನ್ ಹೋಸೆ

ಕಾನೂನಿಂದ ಲಿಮಿಟ್ ಬಂದ ಕಥೆ ಯಾರೂ ಹೇಳ್ಲಿಲ್ಲ, ನಂಗೆ ಅದೇ ಇಷ್ಟದ ಭಾಗ. ಸೌತ್ ಡಕೋಟಾದ ಡೆಡ್‌ವುಡ್ಡಲ್ಲಿ 1989ರಲ್ಲಿ ಜೂಜು ಬಿಟ್ಟಾಗ ಒಂದು ಬೆಟ್ಟಿಗೆ 5 ಡಾಲರ್ ಮಿತಿ. ಕೊಲರಾಡೋದಲ್ಲಿ 1991ರಲ್ಲಿ ಹಂಗೇ, 5 ಡಾಲರ್. ಹಂಗಾಗಿ ಕೊಲರಾಡೋ ಪೋಕರ್ ರೂಮುಗಳಲ್ಲಿ 2ರಿಂದ 5ರ ನಡುವೆ ಎಷ್ಟಾದ್ರೂ ಇಡಬಹುದು ಅನ್ನೋ ಸ್ಪ್ರೆಡ್ ಲಿಮಿಟ್ ಆಟ. ಆಗ ಅಲ್ಲಿ 25ರ ಚಿಪ್ಪಿಗೆ ಬೆಟ್ಟಲ್ಲಿ ಕೆಲಸವೇ ಇರ್ಲಿಲ್ಲ! 2009ರಲ್ಲಿ ಮಿತಿ 100ಕ್ಕೆ ಏರಿದ ಕೂಡ್ಲೇ 2ರಿಂದ 100ರ ಸ್ಪ್ರೆಡ್ ಶುರು ಆಯ್ತು, ಹೆಸರಿಗೆ ಲಿಮಿಟ್ಟು, ಆಡೋಕೆ ಹೆಚ್ಚುಕಡಿಮೆ ನೋ-ಲಿಮಿಟ್. 2021ರಿಂದ ಅಲ್ಲಿ ಜೂಜು ನಡೆಯೋ ಊರುಗಳಿಗೇ ಮಿತಿ ತೆಗೆಯೋ ಅಧಿಕಾರ ಸಿಕ್ತು. ಫ್ಲೋರಿಡಾದಲ್ಲೂ ವರ್ಷಗಟ್ಟಲೆ ಬೆಟ್ಟಿಗೆ ಬಿಗಿ ಮಿತಿ ಇತ್ತು, 2010ರಲ್ಲಿ ಹೋಯ್ತು.

ಆಮೇಲೆ 2003. ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟಿಂದ (ಗೆದ್ದವನಿಗೆ ದೊಡ್ಡ ಟೂರ್ನಿಗೆ ಪ್ರವೇಶ ಕೊಡೋ ಸಣ್ಣ ಟೂರ್ನಿ) ಬಂದು ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಟೂರ್ನಿ ಗೆದ್ದ, 25 ಲಕ್ಷ ಡಾಲರ್. ಟಿವಿಯಲ್ಲಿ ನೋಡಿದವರಿಗೆಲ್ಲ ನೋ-ಲಿಮಿಟ್ಟೇ ಬೇಕಾಯ್ತು. ರೂಮುಗಳಿಗೆ ಭಯ ಏನು ಅಂದ್ರೆ ನೋ-ಲಿಮಿಟ್ಟಲ್ಲಿ ಹೊಸಬ ಹತ್ತು ನಿಮಿಷದಲ್ಲಿ ಖಾಲಿ ಆಗ್ತಾನೆ. ಅದಕ್ಕೆ ಬೆಟ್ಟಿಗೆ ಮಿತಿ ಹಾಕೋ ಬದಲು ಟೇಬಲ್ಲಿಗೆ ತರೋ ದುಡ್ಡಿಗೆ ಮಿತಿ ಹಾಕಿದ್ರು. 1–2 ಟೇಬಲ್ಲಿಗೆ 200 ಅಥವಾ 300ಕ್ಕಿಂತ ಜಾಸ್ತಿ ತರಂಗಿಲ್ಲ, ಈ ಥರ. ಈಗೀಗ 1–2 ಹೋಗಿ 1–3 ಆಗ್ತಾ ಇದೆ, ಪಾಟು ಸ್ವಲ್ಪ ದೊಡ್ಡದಾಗ್ತದೆ, ರೇಕು ಬೇಗ ಮಿತಿ ಮುಟ್ತದೆ. ಆಡೋರ ಅನುಕೂಲಕ್ಕೆ ಅಂತ ಬೋರ್ಡ್ ಹಾಕ್ತಾರೆ, ನಾನು ಒಪ್ಪೋದಿಲ್ಲ.

ಘಟ್ಟದ ಮೇಲಿನವ

ತರೋ ದುಡ್ಡಿಗೆ ಮಿತಿ ಅಂದ್ರೆ ಒಳ್ಳೇದೇ ಅಲ್ದಾ? ಒಂದು ರಾತ್ರಿಗೆ ಇಷ್ಟೇ ಅಂತ ಆತು.

ಹೊನ್ನಾವರ ಟು ಸ್ಯಾನ್ ಹೋಸೆ

ಒಂದು ಸಲಕ್ಕೆ ಇಷ್ಟು ಅಂತ ಮಾತ್ರ. ಖಾಲಿ ಆದ್ರೆ ಮತ್ತೆ ಕೊಳ್ಳಬಹುದು, ಎಷ್ಟು ಸಲ ಬೇಕಾದ್ರೂ. ಅದಕ್ಕೆ ತಡೆ ಇಲ್ಲ.

ಘಟ್ಟದ ಮೇಲಿನವ

ಹಂಗಾದ್ರೆ ಅದು ಮಿತಿ ಅಲ್ಲ.

ಯಲ್ಲಾಪುರ ಕಾಡು

ನಮ್ಮೂರಲ್ಲಿ ದೀಪಾವಳಿಗೆ ಮನೆ ಮಂದಿ ರಮ್ಮಿ ಆಡೋವಾಗ ಹುಣಸೆ ಬೀಜ ಚಿಪ್ಸು. ಅಜ್ಜಿ ಎಲ್ರಿಗೂ ಒಂದೊಂದು ಬಟ್ಟಲು ಅಳೆದು ಕೊಡೋಳು, ಮುಗಿದ್ರೆ ಮತ್ತೆ ಇಲ್ಲ, ಎದ್ದು ದನಕ್ಕೆ ಹುಲ್ಲು ಹಾಕೋಕೆ ಹೋಗ್ಬೇಕು. ಅದು ಅಸಲಿ ಲಿಮಿಟ್ಟು.

ಸದಾಶಿವಗಡ ಸೇತುವೆ

ಟೂರ್ನಮೆಂಟಲ್ಲಿ 25,000 ಚಿಪ್ಸ್ ಕೊಡ್ತಾರಲ್ಲ, ಅದೂ ದುಡ್ಡೇನಾ? ಅಷ್ಟು ಕಟ್ಟಿ ಯಾರು ಆಡ್ತಾರೆ.

ಮಾಜಾಳಿ ಡೀಲರ್

ಅಲ್ಲ, ಟೂರ್ನಮೆಂಟ್ ಚಿಪ್ಪಿಗೆ ದುಡ್ಡಿನ ಬೆಲೆ ಇಲ್ಲ, ಕೌಂಟರಲ್ಲಿ ಕೊಟ್ರೆ ಏನೂ ಬರೋದಿಲ್ಲ. ಎಷ್ಟೋ ಕಡೆ ಅಚ್ಚಲ್ಲೇ ಹಂಗಂತ ಬರ್ದಿರ್ತದೆ. ಅಲ್ಲಿ ಬ್ಲೈಂಡು ಪ್ರತಿ ಹಂತಕ್ಕೆ ಏರ್ತಾ ಹೋಗ್ತದೆ, ಹಂಗಾಗಿ ಸಣ್ಣ ಚಿಪ್ಪು ಕ್ರಮೇಣ ಕಸ ಆಗ್ತದೆ. ಆಗ ಬ್ರೇಕಲ್ಲಿ ಅದನ್ನ ತೆಗೀತೇವೆ, ಚಿಪ್ ರೇಸ್ ಅಂತ. ನಿಮ್ಮ ಹತ್ರ 25ರ ಏಳು ಚಿಪ್ ಇದೆ ಅಂದ್ರೆ ನಾಲ್ಕಕ್ಕೆ ಒಂದು 100 ಕೊಡ್ತೇವೆ, ಉಳಿದ ಮೂರಕ್ಕೆ ಮೂರು ಎಲೆ ಹಾಕ್ತೇವೆ. ಟೇಬಲ್ಲಲ್ಲಿ ಹಂಗೆ ಉಳಿದ ಬಿಡಿ ಚಿಪ್ಪೆಲ್ಲ ಸೇರಿ ಎಷ್ಟು 100 ಆಗ್ತದೋ ಅಷ್ಟನ್ನ ದೊಡ್ಡ ಎಲೆ ಬಂದವರಿಗೆ, ಒಬ್ಬರಿಗೆ ಒಂದೇ. ಮತ್ತೆ ಇದರಿಂದ ಯಾರೂ ಆಟದಿಂದ ಹೊರಗೆ ಹೋಗಂಗಿಲ್ಲ, ಕೊನೆ ಚಿಪ್ಪೇ ಹೋಯ್ತು ಅಂದ್ರೆ ಅವರಿಗೆ ಹೊಸ ಕಡಿಮೆ ಬೆಲೆಯ ಒಂದು ಚಿಪ್ ಕೊಟ್ಟು ಉಳಿಸ್ತೇವೆ.

ಅಂಕೋಲಾ ಅಕ್ಕ

ಸದಾಶಿವಗಡದವ್ರೆ, ಇದೆಲ್ಲ ಮೊಬೈಲಲ್ಲಿ ದುಡ್ಡು ಕಟ್ಟಿ ಆಡೋ ಯೋಚನೆ ಇದ್ರೆ ಬಿಡಿ. 2025ರ ಆಗಸ್ಟಲ್ಲಿ ಸಂಸತ್ತು ಪಾಸ್ ಮಾಡಿದ ಕಾನೂನಲ್ಲಿ ದುಡ್ಡಿನ ಆನ್‌ಲೈನ್ ಆಟಗಳಿಗೆ ನಿಷೇಧ, ಪೋಕರ್ ರಮ್ಮಿ ಎಲ್ಲ ಸೇರಿ. ಈಗಲೂ ಆಡಿಸ್ತೇವೆ ಅಂತ ಲಿಂಕ್ ಕಳಿಸೋರು ನಂಬೋ ಜನ ಅಲ್ಲ.

ಸದಾಶಿವಗಡ ಸೇತುವೆ

ಇಲ್ಲ ಅಕ್ಕ, ತಮ್ಮನ ಕೆಲಸಕ್ಕೆ ಕೇಳಿದ್ದು.

ಕೋಡಿಬಾಗ ಕಡಲು

ಒಂದು ಕೊನೆ ಡೌಟು. ಮಾಸ್ತರ್ ಹೇಳಿದ ಲೆಕ್ಕದಲ್ಲಿ 100–200 ಬದಲು 100–300 ಬ್ಲೈಂಡ್ ಇಟ್ರೆ ಆಗ್ತದಲ್ಲ, ಹೊಸ ಚಿಪ್ ಬೇಡ, 1–3 ಹಂಗೇ. ಅದ್ಯಾಕೆ ಮಾಡೋದಿಲ್ಲ?

ಕುಮಟಾ ಲೆಕ್ಕದ ಮಾಸ್ತರ್

ಮಾಡಬಹುದು, ಚಿಪ್ಪಿನ ಅಡ್ಡಿ ಏನೂ ಇಲ್ಲ. ಆದ್ರೆ 10,000 ತಂದವನ ಹತ್ರ 50 ಬಿಗ್ ಬ್ಲೈಂಡ್ ಇದ್ದದ್ದು 33 ಆಗ್ತದೆ. 40% ತೆರಿಗೆ ಕಟ್ಟಿ ಬಂದವನು ಅಷ್ಟು ಕಡಿಮೆ ಚಿಪ್ಸಿಟ್ಕೊಂಡು ಎಷ್ಟು ಹೊತ್ತು ಕೂರ್ತಾನೆ?

ಮಾಜಾಳಿ ಡೀಲರ್

ಕೂರೋದಿಲ್ಲ. ರಾತ್ರಿ ಹನ್ನೊಂದಕ್ಕೇ ಟೇಬಲ್ ಮುರೀತದೆ, ಡೀಲರನ್ನ ಅಂದರ್ ಬಾಹರ್ ಟೇಬಲ್ಲಿಗೆ ಕಳಿಸ್ತಾರೆ.